ಹದಿನಾಲ್ಕು ಫೋಟೊ

ಕಸ ಬೇರ್ಪಡಿಸುವ ಆ ಘಟಕದಲ್ಲಿ ಒಂದೇ ವರ್ಷ ಎರಡು ಸಲ ಬೆಂಕಿ ಹೊತ್ತಿಕೊಂಡಿತ್ತು. ಕಸದೊಳಗೆ ಸೇರಿ ಬಂದ ಉಬ್ಬಿದ ಬ್ಯಾಟರಿ ಪುಡಿ ಮಾಡುವ ಯಂತ್ರಕ್ಕೆ ಸಿಕ್ಕರೆ ಸಿಡಿಯುತ್ತದೆ. ಕ್ಯಾಮೆರಾದಲ್ಲೇ ಅದನ್ನು ಗುರುತಿಸಿ ಕಸ ಸಾಗಿಸುವ ಬೆಲ್ಟ್ ನಿಲ್ಲಿಸುವ ಪ್ರೋಗ್ರಾಂ ಮಾಡಲು ಒಬ್ಬ ಎಂಜಿನಿಯರ್ ಬಂದಳು. ಅದೇ ಬೆಲ್ಟಿನಲ್ಲಿ ಹನ್ನೊಂದು ವರ್ಷದಿಂದ ಕಸ ಆರಿಸುತ್ತಿದ್ದವಳು ಅವಳ ಅತ್ತಿಗೆ.

ಪ್ರೋಗ್ರಾಂಗೆ ಕಲಿಸಲು ನಾದಿನಿಗೆ ಸಿಕ್ಕಿದ್ದು ಹದಿನಾಲ್ಕೇ ಫೋಟೊ. ಸಿಡಿದ ಮೇಲೆ ಫೋಟೊ ತೆಗೆಯಲು ಏನು ಉಳಿದಿರುತ್ತದೆ? ಅವುಗಳಲ್ಲಿ ಬ್ಯಾಟರಿಯ ಸುತ್ತ ಚೌಕ ಎಳೆದು ತೋರಿಸಿದಳು. ಉಳಿದ ಸಾವಿರಾರು ಚಿತ್ರಗಳನ್ನು ಪ್ರೋಗ್ರಾಂ ತಾನೇ ನೋಡಿ, ಊಹಿಸಿ, ಆ ಊಹೆಯಿಂದಲೇ ಮತ್ತಷ್ಟು ಕಲಿಯಿತು.

“ಇದು ಗೆದ್ರೆ ಬೆಲ್ಟಿಗೆ ಜನ ಬೇಡ,” ಎಂದ ಸೂಪರ್‌ವೈಸರ್, ಅತ್ತಿಗೆಗೆ ಕೇಳುವಂತೆಯೇ.

ಪರೀಕ್ಷೆ ಶುರುವಾಯಿತು. ಅತ್ತಿಗೆ ಕೈ ಚಾಚಿದಾಗಲೆಲ್ಲ ಬೆಲ್ಟ್ ಗಕ್ಕನೆ ನಿಂತಿತು. ಒಂದು ಸಲ, ಎರಡು ಸಲ, ಮೂರು ಸಲ. ಸೂಪರ್‌ವೈಸರ್ ಹಲ್ಲು ಕಡಿದ. ನಿಜಕ್ಕೂ ನಿಲ್ಲಬೇಕಾದಾಗ ಮಾತ್ರ ನಿಲ್ಲಲೇ ಇಲ್ಲ.

“ಏಯ್, ಬಂತು! ಹಿಂದೆ ಸರೀರಿ!”

ಅತ್ತಿಗೆ ಕೂಗುತ್ತಲೇ ಬೆಲ್ಟ್ ನಿಲ್ಲಿಸುವ ಹಗ್ಗ ಜಗ್ಗಿದಳು. ಯಂತ್ರದ ಬಾಯಿಗೆ ಗೇಣು ದೂರದಲ್ಲಿ ಬ್ಯಾಟರಿಯೊಂದು ಬುಸುಗುಡುತ್ತಿತ್ತು. ಅದನ್ನು ಇಕ್ಕಳದಿಂದ ಎತ್ತಿ ಮರಳಿನ ಬಕೆಟ್ಟಿಗೆ ಹಾಕಿದಳು.

ನಾದಿನಿ ಕಲಿಸಲು ಬಳಸಿದ್ದ ಫೋಟೊಗಳನ್ನು ತೆರೆದಳು. ಹದಿನಾಲ್ಕರಲ್ಲೂ ಬ್ಯಾಟರಿ, ಕಸ ಆರಿಸುವವರು ತೊಡುವ ನೀಲಿ ಕೈಗವಸಿನ ಮೇಲಿತ್ತು. ಪ್ರೋಗ್ರಾಂ ಕಲಿತದ್ದು ಕೈಗವಸನ್ನು.

“ನನ್ನ ಕೈನೇ ಬಾಂಬ್ ಅಂದ್ಕೊಂಡಿದೆಯಲ್ಲೇ ನಿನ್ನ ಮಷಿನ್ನು!” ಅತ್ತಿಗೆ ನಕ್ಕಳು. ನಾದಿನಿಗೆ ನಗು ಬರಲಿಲ್ಲ.

“ನೀವು ಹೇಗೆ ಗುರುತಿಸ್ತೀರಿ ಅತ್ತಿಗೆ?”

“ಅಂಚು ನೋಡ್ತೀನಿ. ಕೆಟ್ಟಿದ್ದು ಹೊಟ್ಟೆ ಉಬ್ಬಿಸ್ಕೊಂಡು ಅಲ್ಲಾಡ್ತಾ ಬರುತ್ತೆ.”

ಎರಡು ದಿನ ಇಬ್ಬರೂ ಪರದೆಯ ಮುಂದೆ ಕೂತರು. ಪ್ರೋಗ್ರಾಂಗೆ ಅನುಮಾನ ಬಂದ ಚಿತ್ರಗಳನ್ನಷ್ಟೇ ನಾದಿನಿ ತೋರಿಸುತ್ತಿದ್ದಳು. “ಹೌದು. ಅಲ್ಲ. ಅಲ್ಲ ಕಣೇ, ಅದು ಸೋಪಿನ ಡಬ್ಬಿ.” ಹೀಗೆ ಇನ್ನೂರು ಚಿತ್ರ.

ಮರುಪರೀಕ್ಷೆಗೆ ಚಾರ್ಜ್ ಪೂರ್ತಿ ಇಳಿಸಿದ ಆರು ಬ್ಯಾಟರಿಗಳನ್ನು ಕಸದಲ್ಲಿ ಬೆರೆಸಿದರು. ಐದನ್ನು ಕ್ಯಾಮೆರಾ ಹಿಡಿಯಿತು. ಒದ್ದೆ ರಟ್ಟಿನಡಿ ಅರ್ಧ ಮರೆಯಾಗಿದ್ದ ಆರನೆಯದು ಅತ್ತಿಗೆಯ ಕಣ್ಣಿಗಷ್ಟೇ ಬಿತ್ತು.

“ಆರಕ್ಕೆ ಐದು! ಸಾಕಲ್ವೇನಮ್ಮಾ? ಇನ್ನು ಜನ ಬೇಡ ಅಂತ ಸಹಿ ಹಾಕು,” ಎಂದ ಸೂಪರ್‌ವೈಸರ್.

ಇಲ್ಲವೆಂದರೆ ಮುಂದಿನ ಕೆಲಸ ಕೈತಪ್ಪುತ್ತದೆಂದು ನಾದಿನಿಗೆ ಗೊತ್ತಿತ್ತು.

“ಸಾಲ್ದು ಸಾರ್. ಜನ ಇರ್ಲೇಬೇಕು. ಹಾಗಂತಲೇ ಬರೆದುಕೊಡ್ತೀನಿ.”

ಅಲ್ಲೇ ನಿಂತು ಬರೆದಳು. ಅವನು ಎರಡು ಸಲ ಓದಿದ, ಮುಖ ಗಂಟಿಕ್ಕಿಕೊಂಡೇ ಕಾಗದ ಮಡಚಿ ಜೇಬಿಗಿಟ್ಟ. ಕ್ಯಾಮೆರಾ ಬೆಲ್ಟಿನ ಮೇಲೇ ಉಳಿಯಿತು. ಕೆಲಸದವರಲ್ಲಿ ಒಬ್ಬರನ್ನೂ ತೆಗೆಯಲಿಲ್ಲ. ನಾದಿನಿಯನ್ನು ಮಾತ್ರ ಘಟಕದವರು ಮತ್ತೆ ಕರೆಯಲಿಲ್ಲ.