ಮೇಲಕ್ಕೆ ಹತ್ತಿದ ಕಲ್ಲು

ಇಳಿಜಾರಿನಲ್ಲಿ ಕಲ್ಲು ಉರುಳುವುದು ಹೊಸ ಸುದ್ದಿಯಲ್ಲ. ಹತ್ತುವುದು? ಪರದೆಯ ಮುಂದೆ ಕೂತಿದ್ದ ಹುಡುಗಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮಂಗಳ ಗ್ರಹವನ್ನು ಸುತ್ತುವ ಉಪಗ್ರಹ ತೆಗೆದ ಒಂದೇ ಇಳಿಜಾರಿನ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಕಂಪ್ಯೂಟರ್ ಒಂದರ ಮೇಲೊಂದು ಕೂರಿಸಿಕೊಡುತ್ತಿತ್ತು. ಯಾವ ಕಲ್ಲು ಜರುಗಿದೆ ಎಂದು ಹುಡುಕುವುದು ಅವಳ ಕೆಲಸ. ಆ ಇಳಿಜಾರಿನ ಬುಡದಲ್ಲೇ ಇವರ ತಂಡ ಕಳಿಸಿದ್ದ, ಬಿಸಿಲಿನಿಂದ ಓಡುವ ರೋವರ್ ಗಾಡಿ ನಿಂತಿತ್ತು. ಇವತ್ತು ಮಧ್ಯಾಹ್ನ ಅದಕ್ಕೆ ನಿದ್ದೆಯ ಆದೇಶ ಹೋಗಬೇಕು. ಒಮ್ಮೆ ಮಲಗಿತೋ, ಚಳಿಗಾಲ ಕಳೆಯುವವರೆಗೆ ಯಾರು ಕೂಗಿದರೂ ಏಳದು.

ಬೇರೆ ಕಲ್ಲುಗಳೆಲ್ಲ ಗಪ್‌ಚಿಪ್. ಅದೊಂದೇ ಮೇಲಕ್ಕೆ ಹೋಗಿತ್ತು.

ಹೇಳಲೋ ಬೇಡವೋ ಎಂದು ಮಾತನ್ನು ನಾಲ್ಕು ಸಲ ನುಂಗಿಕೊಂಡು, ಕೊನೆಗೆ ಪಕ್ಕದ ಮೇಜಿನವನಿಗೆ ಹೇಳಿದಳು. ಇಲ್ಲಿ ಕೂತೇ ಅಲ್ಲಿಯ ಗಾಡಿ ನಡೆಸುವ ಅವನು ಎಲ್ಲರಿಗೂ ಡ್ರೈವರಣ್ಣ.

"ಹತ್ತಿದ್ಯಾ? ಪಾಪ, ಕೆಳಗೆ ಸೆಖೆ ಆಗಿರ್ಬೇಕು!" ಅವನು ಬಿದ್ದು ಬಿದ್ದು ನಕ್ಕ. "ಮೇಡಂ, ಕೇಳಿದ್ರಾ? ನಮ್ಮ ತಂಗಿ ಕಲ್ಲಿಗೆ ಕಾಲು ಬರ್ಸಿದ್ದಾಳೆ."

ತಂಡದ ಮುಖ್ಯಸ್ಥೆ ತಲೆ ಎತ್ತಲಿಲ್ಲ. "ನೆರಳು ನೋಡಿ ಮೋಸ ಹೋಗಿದ್ದೀಯ ಕಣಮ್ಮ. ಊಟ ಮಾಡ್ಕೊಂಡು ಬಂದು ನೋಡು."

ಹುಡುಗಿಯ ಕಿವಿ ಬಿಸಿಯಾಯಿತು. ಊಟಕ್ಕೆ ಏಳಲಿಲ್ಲ. ಚಿತ್ರವನ್ನು ಇನ್ನಷ್ಟು ಸರಿಸಿದಳು, ಬುಡದ ಗಾಡಿ ಕಾಣುವವರೆಗೆ. ಗಾಡಿಯೂ ಮೇಲಕ್ಕೆ ಹೋಗಿತ್ತು! ಆ ಕಲ್ಲಿನಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಣ್ಣಾ, ಈ ನಡುವೆ ಗಾಡಿ ಓಡಿಸಿದ್ರಾ?"

"ಒಂದು ಚಕ್ರ ಅಲ್ಲಾಡಿಸಿಲ್ಲ. ಯಾಕೆ?"

ಅವಳು ಆಗಲೇ ಪರದೆಯತ್ತ ತಿರುಗಿದ್ದಳು. ಹೆಚ್ಚು ಕಲ್ಲುಗಳು ಎಲ್ಲಿ ಹೊಂದುತ್ತವೋ ಅಲ್ಲಿಗೆ ಚಿತ್ರ ಕೂರಿಸುವುದು ಕಂಪ್ಯೂಟರಿನ ಜಾಯಮಾನ. ಆ ಹೊಂದಾಣಿಕೆಯನ್ನು ಬಿಡಿಸಿ, ಹಳೆಯ ಚಿತ್ರದ ಗಾಡಿಯ ಮೇಲೆ ಹೊಸದರ ಗಾಡಿಯನ್ನೇ ಕೂರಿಸಿದಳು. ಹತ್ತಿದ ಕಲ್ಲು ಹತ್ತಿರಲೇ ಇಲ್ಲ. ಅಡಿಯ ಬಂಡೆಯನ್ನು ಕಚ್ಚಿಕೊಂಡು ಇದ್ದಲ್ಲೇ ಇತ್ತು. ಉಳಿದ ಇಡೀ ಇಳಿಜಾರು, ಮೈಮೇಲಿನ ಸಾವಿರಾರು ಕಲ್ಲುಗಳ ಸಮೇತ, ಎಳೆದ ಕಂಬಳಿಯಂತೆ ಗಾಡಿಯ ಕಡೆಗೆ ಜಾರಿ ಬಂದಿತ್ತು.

ಡ್ರೈವರಣ್ಣ ಬಗ್ಗಿ ನೋಡಿ ಮೇಡಂ ಅವರನ್ನು ಕೂಗಿದ. ಮುಖ್ಯಸ್ಥೆ ಎದ್ದು ಬಂದು ನೋಡಿದರು, ಮತ್ತೆ ನೋಡಿದರು.

"ಗುಡ್ಡಕ್ಕೆ ಗುಡ್ಡವೇ... ಅಯ್ಯೋ, ಅದರ ಕೆಳಗೇ ಮಲಗಿಸ್ತಿದ್ವಲ್ಲೋ!"

"ಗಾಡಿ ಎಡಕ್ಕೆ ತಗೊಳ್ಲಾ ಮೇಡಂ? ಆದ್ರೆ ಅಲ್ಲಿ ಬಿಸಿಲು ಕಡಿಮೆ. ಚಳಿಗೆ ಸತ್ತುಹೋದ್ರೆ?"

ಯಾವತ್ತೂ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವ ಮುಖ್ಯಸ್ಥೆ ಹುಡುಗಿಯ ಮುಖ ನೋಡಿದರು.

"ಅಲ್ಲಿ ಬದುಕಿದ್ರೂ ಬದುಕಬಹುದು," ಎಂದಳು ಅವಳು. "ಇಲ್ಲಿ..."

 ಡ್ರೈವರಣ್ಣ ಆಗಲೇ ನಿದ್ದೆಯ ಆದೇಶ ಅಳಿಸುತ್ತಿದ್ದ. ಎರಡು ಸಲ ತಪ್ಪು ಗುಂಡಿ ಒತ್ತಿ, ಬೆರಳು ಕೊಡವಿಕೊಂಡು, ಮತ್ತೆ ಒತ್ತಿದ.