ಕೋಲು ಹಿಡಿದ ಕೈ

ಹೆಲಿಕಾಪ್ಟರ್ ಕಾರ್ಖಾನೆಯ ಬ್ಲೇಡಿನ ಮೇಸ್ತ್ರಿಗೆ, ಬ್ಲೇಡು ಪರೀಕ್ಷಿಸುವ ಕಂಪ್ಯೂಟರಿನ ಮೇಲೆ ದ್ವೇಷವೇನೂ ಇರಲಿಲ್ಲ. ಅದರ ಪಾಡಿಗೆ ಅದಿರಲಿ, ತನ್ನ ಪಾಡಿಗೆ ತನ್ನ ಕೋಲು, ಅಷ್ಟೇ. ಹೊಸ ಯುದ್ಧ ಹೆಲಿಕಾಪ್ಟರಿನ ನಾಲ್ಕು ಬ್ಲೇಡುಗಳ ತುದಿಗೂ ಒಂದೊಂದು ಬಣ್ಣದ ಸೀಮೆಸುಣ್ಣ ಬಳಿಯಬೇಕು. ಅವು ಗಿರಗಿರನೆ ತಿರುಗುವಾಗ ಉದ್ದನೆಯ ಕೋಲಿಗೆ ಕಟ್ಟಿದ ಬಟ್ಟೆಯನ್ನು ಮೆಲ್ಲಗೆ ಸೋಕಿಸಬೇಕು. ನಾಲ್ಕೂ ಬಣ್ಣ ಬಟ್ಟೆಯ ಮೇಲೆ ಒಂದೇ ಎತ್ತರದಲ್ಲಿ ಬಿದ್ದರೆ ಬ್ಲೇಡುಗಳು ಸರಿಯಾಗಿವೆ ಎಂದರ್ಥ. ಸ್ವಲ್ಪ ಎಡವಟ್ಟಾದರೂ ಕೋಲು ಹಾಳಾಗಿ ಹೋಗಲಿ, ಕೈಯೇ ಇರುವುದಿಲ್ಲ. ಹಾಗಾಗಿ ಆ ಕೋಲಿಗೆ ಬೇರೆ ಯಾರೂ ಆಸೆಪಟ್ಟವರಲ್ಲ.

ಸೇನೆಯ ಅಧಿಕಾರಿಗಳ ಮುಂದೆ ಹಾರಿಸಿ ತೋರಿಸುವ ಹಿಂದಿನ ದಿನ ನಾಲ್ಕೂ ಬಣ್ಣ ಅಚ್ಚುಕಟ್ಟಾಗಿ ಬಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮಾತ್ರ ಕೋಲು ಇಳಿಸಿ ಅಂಗೈ ನೋಡಿಕೊಳ್ಳುತ್ತ ನಿಂತ. ಬಟ್ಟೆ ತಾಗಿದಾಗಲೆಲ್ಲ ಕೋಲಿನಲ್ಲಿ ಸಣ್ಣ ನಡುಕವೊಂದು ಇಳಿದು ಬಂದಿತ್ತು. ಬರಬಾರದಿದ್ದ ನಡುಕ.

“ಇದು ಹಾರೋದು ಬೇಡ ಸರ್.”

“ಬಣ್ಣ ಸರಿಯಾಗಿದೆ, ಕಂಪ್ಯೂಟರೂ ಸರಿ ಅಂತಿದೆ. ನಿಮಗೇನ್ರೀ ಕಷ್ಟ?” ಎಂದರು ಮುಖ್ಯ ಎಂಜಿನಿಯರ್.

“ಕೈಗೆ ಸರಿ ಅನ್ನಿಸ್ತಿಲ್ಲ.”

ಮೇಸ್ತ್ರಿ ಪೈಲಟ್‌ನತ್ತ ನೋಡಿದ. ಎಂಜಿನ್ ಓಡುವಾಗ ಒಳಗೆ ಕೂತಿದ್ದವನು ಅವನೊಬ್ಬನೇ. ಪೈಲಟ್ ಕೈಗಡಿಯಾರ ನೋಡಿಕೊಂಡ.

ಮೇಸ್ತ್ರಿಯ ಸಹಿ ಇಲ್ಲದೆ ಹಾರಿಸುವಂತಿಲ್ಲ, ಅದು ನಿಯಮ. ಅವನು ಸಹಿ ಹಾಕಲಿಲ್ಲ. ಬ್ಲೇಡುಗಳನ್ನೆಲ್ಲ ಬಿಚ್ಚಿ ಮೂರು ದಿನ ಜಾಲಾಡಿದರು; ಒಂದು ಬಿರುಕೂ ಸಿಗಲಿಲ್ಲ. ಅಷ್ಟರಲ್ಲಿ ಅಧಿಕಾರಿಗಳು ಪೈಪೋಟಿಯ ಕಂಪನಿಯ ಹೆಲಿಕಾಪ್ಟರ್ ನೋಡಿ, ಮೆಚ್ಚಿ, ಕೈ ಕುಲುಕಿ ಹೋಗಿಯೂ ಆಗಿತ್ತು. ಒಂಬತ್ತು ವರ್ಷಗಳ ಕೆಲಸ ನೀರುಪಾಲಾಯಿತು.

ಅಲ್ಲಿಂದ ಮುಂದೆ ಕ್ಯಾಂಟೀನಿನಲ್ಲಿ ಮೇಸ್ತ್ರಿ ಕೂತ ಮೇಜಿನ ಉಳಿದ ಕುರ್ಚಿಗಳೆಲ್ಲ ಖಾಲಿ. ಬೈದಿದ್ದರೂ ಪರವಾಗಿರಲಿಲ್ಲ, ಯಾರೂ ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ, ಒಳಗಿನ ಸುದ್ದಿ ಹೊರಗೆ ಬಿಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಬರೆದುಕೊಟ್ಟಿದ್ದ. ಅಳಿಯ ಫ್ಯಾನು ರಿಪೇರಿ ಮಾಡುತ್ತಾನೆಂದೇ ಅತ್ತೆ ಇಂದಿಗೂ ನಂಬಿದ್ದರು.

“ಯಾಕ್ರೀ, ಊಟ ಸೇರ್ತಿಲ್ವಾ?” ಎಂದು ಹೆಂಡತಿ ಕೇಳಿದರೆ “ಹಲ್ಲುನೋವು” ಎನ್ನುತ್ತಿದ್ದ. ಪಾಪ, ಅವಳು ಎಲ್ಲವನ್ನೂ ಮೆತ್ತಗೆ ಬೇಯಿಸಿ ಬಡಿಸತೊಡಗಿದಳು. ಅವನು ಅದನ್ನು ಹಲ್ಲುನೋವಿನವನಂತೆ ಒಂದೇ ಕಡೆ ಅಗಿದು ನುಂಗುತ್ತಿದ್ದ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವನಿಗೆ ತನ್ನ ಕೈಯ ಮೇಲೆಯೇ ಅನುಮಾನ ಶುರುವಾಗಿತ್ತು. ಅವತ್ತು ನಡುಗಿದ್ದು ಕೋಲೋ, ತಾನೋ? ವಯಸ್ಸಾಯಿತೇ? ಇಷ್ಟು ಜನರ ಶ್ರಮಕ್ಕೆ ತಾನೇ ಕಲ್ಲು ಹಾಕಿದೆನೇ? ಒಬ್ಬರಾದರೂ ಹೌದು, ನಡುಗಿದ್ದು ಕೋಲೇ ಎಂದಿದ್ದರೆ ಸಾಕಿತ್ತು.

ಹೆಲಿಕಾಪ್ಟರನ್ನು ಬಿಚ್ಚಿ ಉಗ್ರಾಣಕ್ಕೆ ಸಾಗಿಸುವ ದಿನ, ಮಧ್ಯಾಹ್ನ, ಪೈಲಟ್ ಶೆಡ್ಡಿಗೆ ಬಂದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಅವತ್ತು ನನ್ನ ಕಾಲಿಗೂ ಗೊತ್ತಾಗಿತ್ತು ಮೇಸ್ತ್ರಿ. ಪೆಡಲ್ ನಡುಗ್ತಿತ್ತು.”

ಮೇಸ್ತ್ರಿಗೆ ಮೊದಲು ಆದದ್ದು ಸಂತೋಷವೇ. ತನ್ನ ಕೈ ಸುಳ್ಳು ಹೇಳಿರಲಿಲ್ಲ. ಆಮೇಲೆ ಕೇಳಿದ:

“ಮತ್ಯಾಕೆ ಸುಮ್ಮನಿದ್ರಿ?”

“ನೀವು ಹೇಳೇ ಹೇಳ್ತೀರಿ ಅಂತ ಗೊತ್ತಿತ್ತು.”

ಕ್ಯಾಂಟೀನಿನಿಂದ ತಟ್ಟೆಗಳ ಸದ್ದು ಕೇಳುತ್ತಿತ್ತು. ಮೇಸ್ತ್ರಿ ಅತ್ತ ಕೈ ತೋರಿಸಿದ.

“ಎಲ್ಲರೂ ಅಲ್ಲೇ ಇದ್ದಾರೆ. ಬನ್ನಿ, ಈ ಮಾತು ಅಲ್ಲಿ ಒಂದ್ಸಲ ಹೇಳ್ಬಿಡಿ. ನಂಗೆ ಅಷ್ಟು ಸಾಕು.”

ಪೈಲಟ್ ಆಯಿತು ಎಂಬಂತೆ ತಲೆಯಾಡಿಸಿ ಜೊತೆಗೇ ಬಂದ. ಅವನನ್ನು ಕಂಡದ್ದೇ ತಡ, ದೊಡ್ಡ ಮೇಜಿನವರು ಸರಿದು ಜಾಗ ಮಾಡಿದರು. ಅವನು ಅಲ್ಲಿ ಕೂತ, ಏನೋ ಜೋಕು ಹೇಳಿ ಎಲ್ಲರನ್ನೂ ನಗಿಸಿದ. ಮೇಸ್ತ್ರಿ ತನ್ನ ಮೇಜಿನಲ್ಲಿ ತಟ್ಟೆಯ ಮುಂದೆ ಕೂತು, ಇನ್ನೇನು ಹೇಳಿಯಾನು, ಇನ್ನೇನು ಹೇಳಿಯಾನು ಎಂದು ಪೈಲಟ್ ಕೈ ತೊಳೆಯಲು ಏಳುವವರೆಗೂ ಕಾದ.