ಕೆಂಪು ಉಣ್ಣೆ ಕಟ್ಟಿದ ಹದಿಮೂರು ದಂಟು

ಆಸ್ಲಾಕ್ ಮಾವ ಹೆಗಲಿನ ಹೊರೆಯನ್ನು ಗುಡಾರದ ಬಾಗಿಲಲ್ಲಿ ಇಳಿಸಿ ಬೆವರು ಒರೆಸಿಕೊಂಡ. ಹೊರೆಯಲ್ಲಿ ತಿನ್ನುವ ಬೊಸ್ಕಾ ಗಿಡದ ದಂಟುಗಳಿದ್ದವು. ಒಂದೊಂದರ ಸೊಂಟಕ್ಕೂ ಸುನ್ನಾ ಹೋದ ವಾರ ತಾನೇ ಕಟ್ಟಿದ್ದ ಕೆಂಪು ಉಣ್ಣೆಯ ದಾರ.

"ತಗೊಳ್ಳೇ ಹುಡುಗಿ, ಒಂದೂ ಬಿಟ್ಟಿಲ್ಲ. ಇನ್ನೆರಡು ದಿನ ಆಗಿದ್ರೆ ಮೊಗ್ಗು ಒಡೆದು ಕಟ್ಟಿಗೆ ಆಗೋಗ್ತಿತ್ತು."

ಸುನ್ನಾ ಎಣಿಸಿದಳು. ಹದಿಮೂರು. ಅವಳು ದಾರ ಕಟ್ಟಿಬಂದಿದ್ದ ಇಳಿಜಾರಿನಲ್ಲಿ ಈ ವರ್ಷ ದಂಟು ಎತ್ತಿದ್ದ ಗಿಡಗಳೂ ಹದಿಮೂರೇ.

ಬೊಸ್ಕಾ ವರ್ಷಗಟ್ಟಲೆ ಬರೀ ಎಲೆ ಬಿಡುತ್ತದೆ. ಒಂದು ಬೇಸಿಗೆಯಲ್ಲಿ ಆಳೆತ್ತರ ದಂಟು ಎತ್ತಿ, ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹೂವಿಗೆ ಮೊದಲೇ ದಂಟು ಕೊಯ್ದರೆ ಬೇರು ಸಾಯುವುದಿಲ್ಲ, ಮುಂದಿನ ವರ್ಷ ಮತ್ತೆ ಪ್ರಯತ್ನಿಸುತ್ತದೆ. ಅದಕ್ಕೇ ಹಿಮಸಾರಂಗ ಮೇಯಿಸುವ ಅವಳ ಜನ ಎಷ್ಟು ತಲೆಮಾರು ತಿಂದರೂ ಗಿಡ ಮುಗಿದಿರಲಿಲ್ಲ. ಆದರೆ ಆ ಇಳಿಜಾರಿಗೆ ಮುಂದಿನ ವರ್ಷವೇ ಇರಲಿಲ್ಲ. ಕೆಳಗೆ ಅಣೆಕಟ್ಟು ಎದ್ದು ನಿಂತಿತ್ತು. ವಸಂತದಲ್ಲಿ ಹಿಮ ಕರಗಿದರೆ ಸರೋವರ ಅಲ್ಲಿಯವರೆಗೂ ಏರುತ್ತದೆ. ಈ ಶರತ್ಕಾಲದಲ್ಲಿ ಬೀಜ ಆಯ್ದು ಮೇಲಿನ ಕಣಿವೆಯ ತೊರೆಗುಂಟ ಬಿತ್ತಬೇಕೆಂದು ಸುನ್ನಾ ಮೂರು ಬೇಸಿಗೆ ಕಾದಿದ್ದಳು.

ಗುರುತಿಗೆಂದು ಹೋದ ವರ್ಷ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದಳು. ಹಿಮಸಾರಂಗದ ಕರುಗಳು ಜಗಿದು ಹಾಕಿದ್ದವು. ಈ ವರ್ಷ ರಾವ್ನಾ ಅತ್ತೆಯ ನೇಯ್ಗೆಬುಟ್ಟಿಯಿಂದ ಉಣ್ಣೆ ಎಳೆದುಕೊಂಡು ಹೋಗಿದ್ದಳು.

"ಮಾವ, ಅದು ಬೀಜಕ್ಕೆ ಅಂತ ಕಟ್ಟಿದ್ದು."

ಮಾವನ ನಗು ಅಲ್ಲೇ ನಿಂತಿತು. ಒಳಗಿನಿಂದ ಅತ್ತೆ ಕಾಫಿ ಕೆಟಲ್ ಹಿಡಿದೇ ಬಂದಳು. "ಬೀಜಕ್ಕೆ ಯಾರಾದ್ರೂ ಕೆಂಪು ಉಣ್ಣೆ ಕಟ್ತಾರೇನೇ? ನಿಮ್ಮಜ್ಜಿ ಏನ್ ಹೇಳ್ಕೊಟ್ಟಿದ್ಲು?"

ಅಜ್ಜಿ ಹೇಳಿಕೊಟ್ಟಿದ್ದಳು. ಕೆಂಪು ಉಣ್ಣೆ ಎಂದರೆ, ಇದು ನನ್ನದು, ಕೊಯ್ಯುವ ಹದಕ್ಕೆ ಬಂದಾಗ ನಾನಿಲ್ಲದಿದ್ದರೆ ಆ ದಾರಿಯಲ್ಲಿ ಹೋದವರು ಕೊಯ್ದು ತಂದುಕೊಡಿ. ಹಿಂಡಿನ ಹಿಂದೆ ಅಲೆಯುವ ಮನೆಗಳವರು ಒಬ್ಬರಿಗೊಬ್ಬರು ಹೇಳಿಹೋಗುವ ಮಾತು ಅದು. ಸುನ್ನಾ ಒಂದೊಂದು ಗಿಡದ ಎತ್ತರ, ಮೊಗ್ಗಿನ ಸಂಖ್ಯೆ, ಮಣ್ಣಿನ ತೇವ ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಐದು ವರ್ಷದವಳಿದ್ದಾಗಲೇ ಕಲಿತದ್ದು ಮಾತ್ರ ದಾರ ಕಟ್ಟುವಾಗ ಹೊಳೆದಿರಲಿಲ್ಲ.

"ಕಟ್ಟದೇ ಇದ್ದಿದ್ರೆ ನಾನು ಆ ಕಡೆ ತಿರುಗೂ ನೋಡ್ತಿರ್ಲಿಲ್ಲ," ಮಾವ ಮೆಲ್ಲಗೆ ಅಂದ. "ಈ ಮಂಡಿ ಇಟ್ಕೊಂಡು ಎರಡು ಹೊಳೆ ದಾಟಿದ್ದೀನಿ."

ಬೈಯೋಣವೆಂದರೆ ಬೈಯುವಂಥ ತಪ್ಪು ಅವನಲ್ಲಿರಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಒಂದು ದಂಟನ್ನು ಎತ್ತಿ ನೆಲಕ್ಕೆ ಬಡಿದಳು. ಅದು ಎರಡಾಗಿ ಸಿಹಿವಾಸನೆ ಹಬ್ಬಿತು.

"ಬೇರು ಇದ್ಯಲ್ಲ," ಮಾವ ಅಂದ. "ಅಗೆದು ಮೇಲಕ್ಕೆ ಒಯ್ಯೋಣ."

"ಹಳೇ ಬೇರು ಮಾವ. ಕಲ್ಲಿನ ಸಂದೀಲಿ ಮೊಳದುದ್ದ ಇಳಿದಿರುತ್ತೆ. ತುಂಡಾಗುತ್ತೆ."

"ನಿನ್ನ ಪುಸ್ತಕದಲ್ಲಿ ತುಂಡಾಗುತ್ತೆ. ನನ್ನ ಕೈಲಿ ನೋಡು."

ಇಳಿಜಾರಿಗೆ ಹೋಗಿ ಅಗೆದಾಗ ಮಾವನ ಕೈಯಲ್ಲೂ ತುಂಡಾಯಿತು. ಮೊದಲನೆಯದು ಗೇಣುದ್ದಕ್ಕೆ, ಎರಡನೆಯದು ಬುಡದಲ್ಲೇ. ಮೂರನೆಯದಕ್ಕೆ ಅವನು ಸಲಿಕೆ ಎಸೆದು, ಹೊಟ್ಟೆಯ ಮೇಲೆ ಮಲಗಿ, ಬೆರಳಿನಿಂದಲೇ ಕಲ್ಲು ಬಿಡಿಸಿದ. ಸೊಳ್ಳೆಗಳು ಅವನ ಕತ್ತನ್ನು ಮುತ್ತಿದವು. ಕುಳ್ಳ ಬರ್ಚ್ ಪೊದೆಯಿಂದ ಒಂದು ಹಿಮಕೋಳಿ ಮರಿಗಳನ್ನು ಕಟ್ಟಿಕೊಂಡು ಗೊಣಗುತ್ತಾ ದೂರ ಸರಿಯಿತು. ಏಳನೆಯದರ ಹೊತ್ತಿಗೆ ಮಾವ ತಮಾಷೆ ಬಿಟ್ಟಿದ್ದ.

ಹನ್ನೊಂದು ಗಿಡ ಅಗೆದಾಗ ಎರಡು ಬೇರು ಇಡಿಯಾಗಿ ಸಿಕ್ಕಿದ್ದವು. ಸುನ್ನಾ ಒದ್ದೆ ಪಾಚಿಯಲ್ಲಿ ಸುತ್ತಿದಳು.

"ಇವು ಬದುಕ್ತವೇನೇ?" ಉಗುರಿನ ರಕ್ತ ಒರೆಸುತ್ತಾ ಮಾವ ಕೇಳಿದ.

ಕಿತ್ತು ನೆಟ್ಟ ಮೂರರಲ್ಲಿ ಒಂದು ಬದುಕಿದರೆ ಹೆಚ್ಚು ಎಂದು ಅವಳಿಗೆ ಗೊತ್ತಿತ್ತು. ಇಲ್ಲಿ ಇದ್ದದ್ದೇ ಎರಡು.

"ಮಾತಾಡ್ಬೇಡ ಮಾವ," ಅಂದಳು. "ಇನ್ನೂ ಎರಡು ಗಿಡ ಇವೆ. ನಿಧಾನಕ್ಕೆ ಅಗೆ."